ಅಳತೆ ಪುಸ್ತಕದಲ್ಲಿ ಕುಮಾರ ಪರ್ವತ

ನನ್ನ ಅಂಗಡಿಯ ಹಳೆಯ ಅಳತೆ ಪುಸ್ತಕದಲ್ಲಿ ಒಂದು ಪುಟ ಇದೆ. ಮೇಲ್ಗಡೆ ಟೀಚರ್ ಒಬ್ಬರ ಬ್ಲೌಸಿನ ಅಳತೆ. ಉದ್ದ, ಎದೆ, ಸೊಂಟ, ತೋಳು. ಕೆಳಗೆ ಮದುಮಗಳೊಬ್ಬಳ ಅಳತೆ. ಇವೆರಡರ ನಡುವೆ ಪೆನ್ಸಿಲಿನಲ್ಲಿ ಬರೆದದ್ದು: "ಕುಮಾರ ಪರ್ವತ. ಗೇಟಿನ ಮೇಲೆ, ಓರೆ ಬಂಡೆಯ ಹತ್ತಿರ. 16." ಇಂಚು ಅಂತ ಬರೆದಿಲ್ಲ. ನಮ್ಮ ಕಸುಬಿನಲ್ಲಿ ಅದನ್ನು ಬರೆಯುವ ಅಗತ್ಯ ಬೀಳುವುದಿಲ್ಲ.

ಅದು 2006ರ ಡಿಸೆಂಬರ್. ತಮ್ಮ ಡಿಗ್ರಿ ಕೊನೆಯ ವರ್ಷದಲ್ಲಿದ್ದ. ಅವನೂ ಅವನ ನಾಲ್ಕು ಜನ ಗೆಳೆಯರೂ ಬೆಟ್ಟಕ್ಕೆ ಹೊರಟಿದ್ದರು. "ಅಕ್ಕ ಜೊತೆಗೆ ಬಂದರೆ ಮಾತ್ರ ಹೋಗು" ಎಂದಳು ಅಮ್ಮ. ನನಗೆ ಆಗ 27. ಪುತ್ತೂರಿನಲ್ಲಿ ಹೊಲಿಗೆ ಅಂಗಡಿ ಹಾಕಿ ಮೂರನೇ ವರ್ಷ. ಮದುವೆ ಸೀಸನ್ನಿನ ಬಟ್ಟೆ ರಾತ್ರಿ ಎರಡು ಗಂಟೆವರೆಗೆ ಹೊಲಿದು, ಬೆಳಗ್ಗಿನ ಸುಬ್ರಹ್ಮಣ್ಯ ಬಸ್ಸು ಹತ್ತಿದ್ದೆ. ಬಸ್ಸಿನಲ್ಲಿ ನೋಡಿದರೆ ಚೀಲದ ಪಕ್ಕದ ಜೇಬಿನಲ್ಲಿ ಟೇಪು ಇತ್ತು, ಕತ್ತರಿ ಮಾತ್ರ ಅಂಗಡಿಯಲ್ಲಿ ಉಳಿದಿತ್ತು.

ಆ ರಾತ್ರಿ ಗಿರಿಗದ್ದೆಯ ಭಟ್ಟರ ಮನೆಯ ಜಗಲಿಯಲ್ಲಿ ಮಲಗಿದೆವು. ಕುಕ್ಕೆಯಿಂದ ಕಾಡಿನೊಳಗೆ ನಾಲ್ಕೈದು ಕಿಲೋಮೀಟರ್ ಏರಿದ ಮೇಲೆ ಒಮ್ಮೆಲೇ ಬಯಲು ಬಿಚ್ಚಿಕೊಂಡು, ಅಡಿಕೆ ತೋಟ ಕಾಣುತ್ತದಲ್ಲ, ಆ ಮನೆ. ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಆ ಊಟದ ರುಚಿ ಹತ್ತಿ ಬಂದವರಿಗೆಲ್ಲ ಗೊತ್ತು. ಮರುದಿನ ಬೆಳಗ್ಗೆ ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ ಮೇಲೆ ಹೊರಟೆವು.

ಗೇಟು ದಾಟಿದ ಮೇಲೆ ಮರಗಳಿಲ್ಲ. ಬರೀ ಹುಲ್ಲು. ನನ್ನ ಸೊಂಟದವರೆಗೆ ಹುಲ್ಲು, ನಡುವೆ ಒಂದೇ ಕಾಲುಹಾದಿ. ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಜೊತೆಯಾಗಿ ನಡೆಯಲು ಜಾಗ ಇಲ್ಲ. ಹಾದಿಯ ಎಡಕ್ಕೆ ಓರೆಯಾಗಿ ಮಲಗಿದ ಬಂಡೆಯೊಂದಿದೆ. ಅದಕ್ಕೆ ಒರಗಿ ನೀರು ಕುಡಿಯುವಾಗ ನನ್ನ ಟೇಪು ಕೆಳಗೆ ಬಿತ್ತು. ತಮ್ಮನ ಗೆಳೆಯ ಅದನ್ನು ಎತ್ತಿಕೊಟ್ಟು, "ಅಕ್ಕಾ, ದಾರಿಗೂ ಒಂದು ಅಳತೆ ತೆಗೀರಿ" ಎಂದ. ತೆಗೆದೆ. ಈ ಅಂಚಿನ ಹುಲ್ಲಿನಿಂದ ಆ ಅಂಚಿನ ಹುಲ್ಲಿನವರೆಗೆ 16 ಇಂಚು. ಅಂಗಡಿಗೆ ಬಂದ ಮೇಲೆ ಬರೆದಿಟ್ಟೆ. ಅಳತೆ ತೆಗೆದರೆ ಬರೆಯಬೇಕು, ಅಷ್ಟೇ ಅಭ್ಯಾಸ.

ಹತ್ತದವರಿಗೆ ಈ ಬೆಟ್ಟದ ಬಗ್ಗೆ ಸ್ವಲ್ಪ ಹೇಳಬೇಕು. ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಂದರೆ ದೇವಸ್ಥಾನದ ಹತ್ತಿರದಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ಏರಬೇಕು. ದಾರಿ ಒಂದು ಕಡೆಗೆ ಹನ್ನೆರಡು ಹದಿಮೂರು ಕಿಲೋಮೀಟರ್. ಮೊದಲು ದಟ್ಟ ಕಾಡು, ನಡುವೆ ಭೀಮನ ಕಲ್ಲು, ಆಮೇಲೆ ಗಿರಿಗದ್ದೆ, ಗೇಟು, ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ. ಅಲ್ಲಿಂದ ಮತ್ತೆ ಇಳಿದು ಒಂದು ಸಣ್ಣ ಶೋಲಾ ಕಾಡು ಹೊಕ್ಕು, ಒದ್ದೆ ಬಂಡೆ ಏರಿದರೆ ತುದಿ. ಇನ್ನೊಂದು ದಾರಿ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ. ಅದು ಸಣ್ಣದು. ತುದಿ ಇರುವುದು ಕೊಡಗಿನಲ್ಲಿ, ಅಲ್ಲಿನವರಿಗೆ ಅದು ಪುಷ್ಪಗಿರಿ. ಪುಷ್ಪಗಿರಿ ವನ್ಯಜೀವಿ ಧಾಮ ಆದದ್ದು 1987ರಲ್ಲಿ, ಅದರ ವಿಸ್ತಾರ ಸುಮಾರು 102 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಇದೂ ಒಂದು.

ನಮ್ಮ ಕಡೆಯವರಿಗೆ ಇದು ಬರೀ ಚಾರಣದ ಬೆಟ್ಟ ಅಲ್ಲ. ತಾರಕನನ್ನು ಕೊಂದ ಮೇಲೆ ಕುಮಾರಸ್ವಾಮಿ ತನ್ನ ಆಯುಧ ತೊಳೆದ ನೀರು ಕುಮಾರಧಾರೆ ಎಂದು ನಂಬಿದವರು ನಾವು. ಅದಕ್ಕಿಂತ ಹತ್ತಿರದ ಇನ್ನೊಂದು ಮಾತಿದೆ. ಕುಮಾರಧಾರೆ ಈ ಬೆಟ್ಟದ ಮೈಯಿಂದ ಇಳಿದು ಕುಕ್ಕೆ ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸೇರುವ ಮೊದಲು ನೆಕ್ಕಿಲಾಡಿಯಲ್ಲಿ ಪುತ್ತೂರು ಪೇಟೆಗೆ ನೀರು ಎತ್ತುತ್ತಾರೆ. ನನ್ನ ಅಂಗಡಿಯ ಇಸ್ತ್ರಿ ಪೆಟ್ಟಿಗೆಯ ಪಕ್ಕ ಇರುವ ನೀರಿನ ಬಾಟಲಿ ತುಂಬುವುದು ಆ ನೀರಿನಿಂದ. ಆ ಹುಲ್ಲಿನ ಬೇರು ಮಳೆ ನೀರನ್ನು ಹಿಡಿದಿಟ್ಟುಕೊಂಡು, ಮೆಲ್ಲ ಮೆಲ್ಲ ಬಿಟ್ಟುಕೊಡುವ ಕಾರಣದಿಂದಲೇ ಜನವರಿ ಫೆಬ್ರವರಿಯಲ್ಲೂ ಹೊಳೆಯಲ್ಲಿ ನೀರು ಇರುವುದು. ಹಾಗಾಗಿ ಅಲ್ಲಿನ ಒಂದು ಇಂಚು ಹುಲ್ಲು ಹೋದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಎರಡನೇ ಅಳತೆ 2018ರದ್ದು. ಈ ಸಲ ಟೇಪನ್ನು ಬೇಕೆಂದೇ ತೆಗೆದುಕೊಂಡು ಹೋಗಿದ್ದೆ. ಅದೇ ಬಂಡೆ, ಅದೇ ಜಾಗ. 41.

ನಾನು ಮೂರು ಸಲ ಅಳೆದೆ. ಟೇಪು ಓರೆ ಹಿಡಿದೆನೋ ಎಂದು ನೋಡಿದೆ. ಇಲ್ಲ. ಹಾದಿಯ ನಡು ಮೊಣಕಾಲಿನ ಅರ್ಧದಷ್ಟು ಗುಂಡಿ ಬಿದ್ದಿತ್ತು. ಅದರಲ್ಲಿ ಕಲ್ಲುಗಳು ಎದ್ದು ನಿಂತಿದ್ದವು. ಅದರ ಎರಡೂ ಬದಿ ಹುಲ್ಲಿಲ್ಲದ ಕೆಂಪು ಮಣ್ಣು. ನಾನು ಅಲ್ಲೇ ಕೂತು ಹತ್ತುವವರ ಕಾಲು ನೋಡಿದೆ. ಒಬ್ಬೊಬ್ಬರೂ ಗುಂಡಿಯ ಹತ್ತಿರ ಬಂದು, ಕಲ್ಲು ನೋಡಿ, ಪಕ್ಕದ ಹುಲ್ಲಿಗೆ ಕಾಲಿಟ್ಟು ಮುಂದೆ ಹೋಗುತ್ತಿದ್ದರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಕಾಲು ನೋಯದ ಕಡೆ ಹೆಜ್ಜೆ ಇಡುವುದು ಸಹಜ ಅಲ್ವಾ?

ಅಂಚು ಹೊಲಿಯದ ಬಟ್ಟೆ ನೋಡಿದ್ದೀರಲ್ಲ. ಕತ್ತರಿಸಿದ ದಿನ ಚೆನ್ನಾಗಿಯೇ ಇರುತ್ತದೆ. ಒಂದು ಸಲ ಒಗೆದರೆ ನಾಲ್ಕು ದಾರ ಬಿಡುತ್ತದೆ. ಆ ನಾಲ್ಕು ದಾರ ಹಿಡಿದುಕೊಂಡಿದ್ದ ಪಕ್ಕದ ದಾರವೂ ಸಡಿಲ ಆಗುತ್ತದೆ. ಇನ್ನೊಂದು ಸಲ ಒಗೆದರೆ ಹತ್ತು. ಓವರ್‌ಲಾಕ್ ಹೊಡೆಯದಿದ್ದರೆ ಅದು ತಾನಾಗಿ ನಿಲ್ಲುವುದಿಲ್ಲ. ಹಾದಿಯ ಕತೆಯೂ ಹೀಗೆಯೇ. ತುಳಿದ ಕಡೆ ಹುಲ್ಲು ಸಾಯುತ್ತದೆ. ಜೂನ್ ಬಂದರೆ ಮಳೆ ನೀರು ಆ ಬೋಳು ಮಣ್ಣಿನ ಮೇಲೆಯೇ ಹರಿಯುತ್ತದೆ, ಯಾಕೆಂದರೆ ಅದಕ್ಕೆ ಅದೇ ಸುಲಭದ ದಾರಿ. ಮಣ್ಣು ಹೋಗಿ ಕಲ್ಲು ಏಳುತ್ತದೆ. ಅಕ್ಟೋಬರಿನಲ್ಲಿ ಬಂದವರು ಕಲ್ಲು ತಪ್ಪಿಸಿ ಪಕ್ಕಕ್ಕೆ ನಡೆಯುತ್ತಾರೆ. ಮುಂದಿನ ಜೂನಿನಲ್ಲಿ ಆ ಪಕ್ಕವೂ ಹೋಗುತ್ತದೆ. ನಮ್ಮ ಘಟ್ಟದ ಮಳೆ ಎಂದರೆ ಗೊತ್ತಲ್ಲ, ನಾಲ್ಕು ತಿಂಗಳು ಬಿಡದೆ ಒಗೆಯುತ್ತದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯ ವಿಡಿಯೊ ನಿಮಗೂ ಬಂದಿರಬಹುದು. ಬೆಟ್ಟದ ಏಣಿನ ಮೇಲೆ ಜಾತ್ರೆಯ ಹಾಗೆ ಜನ ಸಾಲುಗಟ್ಟಿ ನಿಂತದ್ದು. ನನಗೆ ಮೂವರು ಗಿರಾಕಿಗಳು ಕಳಿಸಿದ್ದರು. "ಅಕ್ಕಾ, ನಿಮ್ಮ ಬೆಟ್ಟ ನೋಡಿ" ಎಂದು. ಎಲ್ಲರೂ ಜನರನ್ನು ನೋಡಿದರು. ನಾನು ಅವರ ಕಾಲ ಬುಡ ನೋಡಿದೆ. ಸಾಲು ಮುಂದೆ ಹೋಗದಾಗ ಎಷ್ಟೋ ಜನ ಹುಲ್ಲಿನ ಮೇಲೆ ಇಳಿದು ನಿಂತಿದ್ದರು.

ಅದಾದ ಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಇಲಾಖೆಯ ಜಾಲತಾಣ ಬಂತು. ಈಗ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿಯ ವಿವರ ಕೊಟ್ಟು ಹೋಗಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ತುದಿಯಲ್ಲಿ ಟೆಂಟು ಹಾಕಿ ಮಲಗುವ ಹಾಗಿಲ್ಲ. ಮಳೆಗಾಲದಲ್ಲಿ ಹಾದಿ ಮುಚ್ಚುತ್ತಾರೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ.

ಇದಕ್ಕೆ ಬಯ್ಯುವವರು ತುಂಬ ಜನ ಇದ್ದಾರೆ. ನಮ್ಮ ಬೆಟ್ಟಕ್ಕೆ ನಾವು ಹೋಗಲು ಯಾರ ಅಪ್ಪಣೆ ಎಂದು ನಮ್ಮ ಊರಿನವರೇ ಕೇಳುತ್ತಾರೆ. ನಾನು ಮಿತಿಯ ಪರ. ಇದನ್ನು ಅಂಗಡಿಗೆ ಬಂದವರ ಹತ್ತಿರವೂ ಹೇಳಿದ್ದೇನೆ. ಆದರೆ ಒಂದು ಬೇಸರ ಇದೆ. ಅಂಗಡಿಯ ಹತ್ತಿರ ಹೂ ಮಾರುವ ಅಜ್ಜಿಯೊಬ್ಬರು ಹರಕೆಗಾಗಿ ಒಮ್ಮೆ ಬೆಟ್ಟ ಹತ್ತಬೇಕು ಎನ್ನುತ್ತಿದ್ದರು. ಅವರಿಗೆ ಮೊಬೈಲಿನಲ್ಲಿ ಬುಕ್ ಮಾಡಲು ಬರುವುದಿಲ್ಲ. ದೂರದ ಪೇಟೆಯವರು ವಾರ ಮೊದಲೇ ಕೂತಲ್ಲಿಂದ ಬುಕ್ ಮಾಡುತ್ತಾರೆ. ಬೆಟ್ಟದ ಬುಡದವರಿಗೆ, ವಯಸ್ಸಾದವರಿಗೆ ಗೇಟಿನಲ್ಲೇ ಕೆಲವು ಚೀಟಿ ಇಟ್ಟರೆ ಒಳ್ಳೆಯದು. ಆ ಅಜ್ಜಿಗೆ ನಾನೇ ಮಾಡಿಕೊಡುತ್ತೇನೆ ಎಂದಿದ್ದೇನೆ. ಆದರೆ ಎಲ್ಲ ಅಜ್ಜಿಯರ ಪಕ್ಕದಲ್ಲೂ ಹೊಲಿಗೆ ಅಂಗಡಿ ಇರುವುದಿಲ್ಲವಲ್ಲ.

2024ರ ಡಿಸೆಂಬರಿನಲ್ಲಿ ಮತ್ತೆ ಹೋದೆ. ನನ್ನ ಟೇಪು 60 ಇಂಚಿನದ್ದು. ಬಂಡೆಯ ಹತ್ತಿರ ಹಿಡಿದರೆ ಟೇಪು ಮುಗಿಯಿತು, ಹಾದಿ ಮುಗಿಯಲಿಲ್ಲ. ಬೆರಳು ಒತ್ತಿ ಹಿಡಿದು, ಟೇಪನ್ನು ಮುಂದೆ ಸರಿಸಿ ಅಳೆದೆ. 78. ಹಾದಿ ಒಂದಲ್ಲ, ಎರಡಾಗಿ ಸೀಳಿತ್ತು. ನಡುವೆ ಒಂದು ಹಿಡಿ ಹುಲ್ಲು ಉಳಿದಿತ್ತು, ಅದನ್ನೂ ಲೆಕ್ಕಕ್ಕೆ ಸೇರಿಸಿದೆ. ಆ ದಿನ ನನಗೆ ಮುಂದೆ ಹತ್ತುವ ಮನಸ್ಸಾಗಲಿಲ್ಲ. ಭಟ್ಟರ ಮನೆಗೆ ಇಳಿದು, ಊಟ ಮಾಡಿ, ವಾಪಸ್ ಬಂದೆ. ತಮ್ಮ ಫೋನಿನಲ್ಲಿ "ತುದಿಗೆ ಹೋದ್ರಾ ಅಕ್ಕ" ಎಂದ. "ಇಲ್ಲ" ಎಂದೆ. ಅವನು ಯಾಕೆಂದು ಕೇಳಲಿಲ್ಲ. 16 ಬರೆದ ದಿನ ಅವನೂ ಇದ್ದ.

ಈ ಡಿಸೆಂಬರಿನಲ್ಲಿ, ಅಂದರೆ 2025ರಲ್ಲಿ, ತಮ್ಮನ ಮಗಳು ಜೊತೆಗೆ ಬಂದಳು. ಪಿಯುಸಿ ಓದುತ್ತಿದ್ದಾಳೆ. ಬುಕಿಂಗ್ ಮಾಡಿದ್ದೂ ಅವಳೇ. ಹೊರಡುವ ಎರಡು ದಿನ ಮೊದಲು ಮೆಲ್ಲ ಬಂದು, "ಅತ್ತೆ, ಆ ದಿನಕ್ಕೆ ನನ್ನ ಡೇಟ್ ಇರ್ತದೆ, ಎಂತ ಮಾಡುವುದು?" ಎಂದು ಕೇಳಿದಳು. ದಾರಿಯಲ್ಲಿ ಶೌಚಾಲಯ ಇಲ್ಲ. ಇದರ ಬಗ್ಗೆ ಹೆಂಗಸರು ಬರೆಯುವುದು ಕಡಿಮೆ. ಹಾಗಾಗಿ ನಾನು ಬರೆಯುತ್ತೇನೆ. ಕಾಡಿನ ಹಾದಿಯ ಬದಿಯಲ್ಲಿ, ಎಲೆಯ ಅಡಿಯಲ್ಲಿ ಬಳಸಿದ ಪ್ಯಾಡುಗಳನ್ನು ನಾನು ನೋಡಿದ್ದೇನೆ. ಒಳಗಿನ ಪ್ಲಾಸ್ಟಿಕ್ ಎಷ್ಟು ಮಳೆಗೂ ಕರಗುವುದಿಲ್ಲ. ಯಾರೋ ಹುಡುಗಿ ಬೇರೆ ದಾರಿ ಕಾಣದೆ ಎಸೆದಿರುತ್ತಾಳೆ, ಅವಳನ್ನು ಬಯ್ಯುವುದರಲ್ಲಿ ಅರ್ಥ ಇಲ್ಲ. ನಾನು ಅವಳಿಗೆ ಒಂದು ಸಣ್ಣ ಚೀಲ ಹೊಲಿದೆ. ಹೊರಗೆ ದಪ್ಪ ಕಾಟನ್, ಒಳಗೆ ರೆಕ್ಸಿನ್, ಬಾಯಿಗೆ ಜಿಪ್ಪು, ಸುತ್ತಿಕೊಳ್ಳಲು ಹಳೆ ಪೇಪರಿನ ತುಂಡು. ಬಳಸಿದ್ದೆಲ್ಲ ಅದರೊಳಗೆ ಹಾಕಿ ಮನೆಗೆ ತರುವುದು. ಬೆನ್ನಚೀಲದಲ್ಲಿ ಇದ್ದದ್ದೇ ಗೊತ್ತಾಗಲಿಲ್ಲ ಎಂದಳು. ಆಮೇಲೆ ಅವಳ ಗೆಳತಿಯರಿಗಾಗಿ ಇನ್ನೂ ಆರು ಹೊಲಿದುಕೊಟ್ಟಿದ್ದೇನೆ. ಮಷೀನು ಇದ್ದವರು ಅರ್ಧ ಗಂಟೆಯಲ್ಲಿ ಹೊಲಿಯಬಹುದು. ರೆಕ್ಸಿನ್ ಹೊಲಿಯುವಾಗ 16ರ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಇಡಿ. ಹತ್ತಿರ ಹತ್ತಿರ ಹೊಲಿದರೆ ರೆಕ್ಸಿನ್ ಹರಿಯುತ್ತದೆ.

ಬೆಳಕು ಹರಿಯುವಾಗ ಹೊರಟೆವು. ಕಾಡಿನೊಳಗೆ ಮರದ ಬೇರುಗಳೇ ಮೆಟ್ಟಿಲು. ಮೇಲೆ ಕೆಂಜಳಿಲು ಒಂದು ಮರದಿಂದ ಇನ್ನೊಂದಕ್ಕೆ ಹಾರುವಾಗ ಎಲೆಯ ಮೇಲಿನ ಮಂಜು ನಮ್ಮ ತಲೆಗೆ ಬಿತ್ತು. ಭೀಮನ ಕಲ್ಲಿನ ಹತ್ತಿರ ಇಡ್ಲಿ ತಿಂದೆವು. ಗೇಟಿನಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಎಣಿಸಿದರು. ನಮ್ಮಲ್ಲಿ ಎರಡು ನೀರಿನ ಬಾಟಲಿ, ಒಂದು ಬಿಸ್ಕತ್ತಿನ ಪೊಟ್ಟಣ. ಇಳಿದು ಬಂದಾಗ ಇವು ಮೂರೂ ತೋರಿಸಬೇಕು.

ಗೇಟಿನಿಂದ ಸ್ವಲ್ಪ ಮೇಲೆ ಅರಣ್ಯ ಕಾಯುವ ವಾಚರ್ ಒಬ್ಬರು ಬಗ್ಗಿ ಕಲ್ಲು ಜೋಡಿಸುತ್ತಿದ್ದರು. ಹಾದಿಗೆ ಅಡ್ಡಲಾಗಿ, ಆದರೆ ನೇರ ಅಲ್ಲ, ಓರೆಯಾಗಿ. ನೋಡಿದ ಕೂಡಲೇ ನನಗೆ ಕ್ರಾಸ್ ಪಟ್ಟಿ ನೆನಪಾಯಿತು. ನೇರ ಕತ್ತರಿಸಿದ ಪಟ್ಟಿ ಕುತ್ತಿಗೆಯ ತಿರುವಿಗೆ ಕೂರುವುದಿಲ್ಲ, ಓರೆ ಕತ್ತರಿಸಿದರೆ ಮಾತ್ರ ಬಳುಕುತ್ತದೆ.

"ಅಣ್ಣ, ಇದು ಯಾಕೆ ಓರೆ?" ಎಂದು ಕೇಳಿದೆ.

"ನೇರ ಇಟ್ಟರೆ ನೀರು ಅಲ್ಲೇ ನಿಂತು, ಕಲ್ಲನ್ನೇ ಹಾರಿ ಹೋಗ್ತದೆ ಅಕ್ಕ. ಓರೆ ಇಟ್ಟರೆ ಬದಿಗೆ ಜಾರ್ತದೆ. ಬದಿಯ ಹುಲ್ಲು ಕುಡಿಯುತ್ತದೆ."

"ಮತ್ತೆ ಇಲ್ಲಿ ಮುಳ್ಳು ಹಾಕಿದ್ದು?"

"ಅದು ಎರಡನೇ ದಾರಿ. ಮುಳ್ಳು ಕಂಡರೆ ಜನ ಆಚೆ ಕಾಲು ಇಡುವುದಿಲ್ಲ. ಎರಡು ಮಳೆಗಾಲ ಬಿಟ್ಟರೆ ಹುಲ್ಲು ಬರ್ತದೆ. ಜನ ಮುಳ್ಳು ಎತ್ತಿ ಎಸೆಯದಿದ್ದರೆ."

ಅವರು ಅಷ್ಟು ಹೇಳಿ ಮತ್ತೆ ಬಗ್ಗಿದರು. ಕೈಯಲ್ಲಿ ಗವಸು ಇರಲಿಲ್ಲ. ಒಂದೊಂದು ಕಲ್ಲನ್ನೂ ಎತ್ತಿ, ತಿರುಗಿಸಿ, ಚಪ್ಪಟೆ ಮುಖ ಮೇಲೆ ಬರುವ ಹಾಗೆ ಇಡುತ್ತಿದ್ದರು. ಕಾಲಿಟ್ಟವರಿಗೆ ನೋಯಬಾರದು, ನೋಯದಿದ್ದರೆ ಯಾರೂ ಪಕ್ಕಕ್ಕೆ ಇಳಿಯುವುದಿಲ್ಲ. ಜನವರಿಯಲ್ಲಿ ಇಂಥವರೇ ಹುಲ್ಲನ್ನು ಪಟ್ಟಿಯ ಹಾಗೆ ಸವರಿ, ಸುಟ್ಟು, ಬೆಂಕಿ ರೇಖೆ ಮಾಡುತ್ತಾರೆ. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆಗೆ ದಾಟಬಾರದು ಎಂದು. ನಾವು ತುದಿಯ ಫೋಟೊ ಹಾಕುತ್ತೇವೆ. ಆ ತುದಿಗೆ ನಮ್ಮನ್ನು ಮುಟ್ಟಿಸುವ ಹಾದಿ ದಿನಗೂಲಿಯ ಕೈಗಳಿಂದ ಉಳಿದಿದೆ. ಬುಕಿಂಗಿನ ಹಣದಲ್ಲಿ ಅವರಿಗೆ ಒಂದು ಜೊತೆ ಒಳ್ಳೆಯ ಬೂಟು, ಗವಸು, ಕೊಡೆ ಸಿಗಬೇಕು. ಇದನ್ನು ನಾನು ಕೇಳಿಯೇ ಕೇಳುತ್ತೇನೆ.

ಅಲ್ಲಿಂದ ಮುಂದೆ ಒಂದು ಕಡೆ ಹಾದಿಯ ನಡುವೆ ಕೆಸರು ನಿಂತಿತ್ತು. ನಮ್ಮ ಮುಂದೆ ಇದ್ದ ದೊಡ್ಡ ಗುಂಪು ಎಡಗಡೆಯ ಹುಲ್ಲಿನ ಮೇಲೆ ಸುತ್ತಿ ಹೋಯಿತು. ಅವರನ್ನು ಕರೆದುಕೊಂಡು ಬಂದ ಹುಡುಗನೇ "ಈ ಕಡೆ ಬನ್ನಿ, ಈ ಕಡೆ ಬನ್ನಿ" ಎಂದು ದಾರಿ ತೋರಿಸುತ್ತಿದ್ದ. ನಾನು ಅವನ ಹತ್ತಿರ ಹೋಗಿ ಮೆಲ್ಲ ಹೇಳಿದೆ, "ಮಗಾ, ಕೆಸರಿನಲ್ಲೇ ನಡೆಸು. ಶೂ ಒಣಗುತ್ತದೆ, ಈ ಹುಲ್ಲಿನ ಗಾಯ ಒಣಗುವುದಿಲ್ಲ." ಅವನು ಒಂದು ಕ್ಷಣ ನನ್ನನ್ನು ನೋಡಿದ. ಹಿಂದಿನ ಹತ್ತು ಹದಿನೈದು ಜನರನ್ನು ನಡುವಿನಿಂದಲೇ ಕರೆದ. ಕೆಲವರು ಗೊಣಗಿದರು, ಆದರೂ ಬಂದರು.

ತಮ್ಮನ ಮಗಳು ಹೊಸ ಬಿಳಿ ಶೂ ಹಾಕಿದ್ದಳು. "ಅತ್ತೆ, ಇದು ಒಗೆದರೆ ಹೋಗ್ತದಾ?" ಎಂದಳು. "ಹೋಗ್ತದೆ, ನಾನು ತಿಕ್ಕಿ ಕೊಡ್ತೇನೆ" ಎಂದೆ. ಚಳಕ್ ಎಂದು ಕೆಸರಿಗೆ ಇಳಿದಳು.

ಓರೆ ಬಂಡೆಯ ಹತ್ತಿರ ಅವಳ ಕೈಗೆ ಟೇಪಿನ ಒಂದು ತುದಿ ಕೊಟ್ಟೆ. ಎಡಗಡೆಯ ಸೀಳು ಹಾದಿಗೂ ಯಾರೋ ಮುಳ್ಳು ಹಾಕಿದ್ದರು. ಅದರ ಅಡಿಯಲ್ಲಿ ಬೆರಳುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು. ಹುಲ್ಲು ಶುರುವಾದ ಕಡೆಗೇ ಟೇಪು ಹಿಡಿಯಬೇಕು ಎಂದು ಅವಳಿಗೆ ಹೇಳಿಕೊಟ್ಟೆ. ಅವಳು ಮಂಡಿಯೂರಿ, ಒಂದು ಎಸಳು ಹುಲ್ಲನ್ನೂ ಬಿಡದೆ ನೋಡಿ, ಹಿಡಿದಳು. 70.

"ಅತ್ತೆ, ಕಡಿಮೆ ಆಗಿದೆ!" ಎಂದು ಕೂಗಿದಳು. ಆ ಏಣಿನ ಮೇಲೆ ಅವಳ ದನಿ ಎಷ್ಟು ದೂರ ಹೋಯಿತೋ.

ಎಂಟು ಇಂಚು ದೊಡ್ಡದಲ್ಲ. ಒಂದು ವರ್ಷದ ಅಳತೆಯಿಂದ ಏನನ್ನೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ ಎಂದು ನನಗೆ ಗೊತ್ತು. ಬಲಗಡೆಯ ಗುಂಡಿ ಇನ್ನೂ ಹಾಗೆಯೇ ಇದೆ. ಆದರೆ ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಹಿಂದಿನ ಅಂಕಿಗಿಂತ ಸಣ್ಣ ಅಂಕಿ ಬರೆಯುವವಳಿದ್ದೆ. ಬಂಡೆಗೆ ಒರಗಿ ಸ್ವಲ್ಪ ಹೊತ್ತು ಕೂತೆ. ಕಣ್ಣು ಒದ್ದೆಯಾಯಿತು.

ಕಲ್ಲು ಮಂಟಪದಲ್ಲಿ ನೀರು ಕುಡಿದು ಶೇಷ ಪರ್ವತದವರೆಗೆ ಹೋದೆವು. ಅಲ್ಲಿಂದ ಕೆಳಗೆ ನೋಡಿದರೆ ಮೋಡ, ಮೋಡ ಸರಿದಾಗ ಕಣಿವೆ. ತುದಿ ಎದುರಿಗೇ ಇತ್ತು. ನನ್ನ ಮೊಣಕಾಲು ಸಾಕು ಎಂದಿತು, ಸಂಜೆಯೊಳಗೆ ಇಳಿಯಲೂ ಬೇಕಿತ್ತು. ಅವಳು ಮುಂದಿನ ವರ್ಷ ಗೆಳತಿಯರ ಜೊತೆ ತುದಿಗೆ ಹೋಗುತ್ತಾಳಂತೆ. ಟೇಪು ನಾನೇ ಕೊಟ್ಟು ಕಳಿಸುತ್ತೇನೆ.

ಗೇಟಿನಲ್ಲಿ ಎರಡು ಬಾಟಲಿ, ಒಂದು ಖಾಲಿ ಪೊಟ್ಟಣ ತೋರಿಸಿದೆವು. ಮನೆಗೆ ಬಂದ ರಾತ್ರಿ ಶೂ ತಿಕ್ಕಿದೆ. ಹಿಮ್ಮಡಿಯ ಹತ್ತಿರ ಸ್ವಲ್ಪ ಕೆಂಪು ಉಳಿದಿದೆ, ಅದು ಹೋಗಲಿಲ್ಲ. ಮರುದಿನ ಅಂಗಡಿ ತೆರೆದು ಮೊದಲು ಅಳತೆ ಪುಸ್ತಕ ತೆಗೆದೆ. ಈಗಿನದ್ದು ಹೊಸ ಪುಸ್ತಕ. "ಕುಮಾರ ಪರ್ವತ, ಓರೆ ಬಂಡೆ, 70" ಎಂದು ಬರೆಯುವಷ್ಟರಲ್ಲಿ ಶಾಲೆಯ ಯೂನಿಫಾರಂ ಹೊಲಿಸಲು ಒಬ್ಬಳು ತಾಯಿ ಮಗನ ಜೊತೆ ಬಂದಳು. ಹುಡುಗ ನೆಟ್ಟಗೆ ನಿಂತ. ಅದರ ಕೆಳಗಿನ ಸಾಲಿನಲ್ಲಿ ಅವನ ಚಡ್ಡಿಯ ಉದ್ದ ಇದೆ.